ಗಾಡಿ ನಮ್ಮದು, ಗೇರ್‌ಬಾಕ್ಸ್ ಯಾರದು?

ಆಟೋಮ್ಯಾಟಿಕ್ ಪಿಕಪ್‌ನ ಗೇರ್‌ಬಾಕ್ಸ್ ಕೆಟ್ಟರೆ ನಮ್ಮ ಕಡೆ ಸಿಗುವುದು ಎರಡೇ ಉತ್ತರ. ಶೋರೂಮಿನವರು "ಪೂರ್ತಿ ಅಸೆಂಬ್ಲಿನೇ ಚೇಂಜ್ ಮಾಡ್ಬೇಕು ಸರ್" ಅನ್ನುತ್ತಾರೆ. ಊರ ಗ್ಯಾರೇಜಿನವರು "ಇದನ್ನ ಕಿತ್ತಾಕಿ ಮ್ಯಾನುಯಲ್ ಕೂರ್ಸಣ ಬಿಡಣ್ಣ" ಅನ್ನುತ್ತಾರೆ. ಮೊದಲನೆಯದಕ್ಕೆ ಮಾಲೀಕನ ಹತ್ತಿರ ದುಡ್ಡಿಲ್ಲ. ಎರಡನೆಯದಕ್ಕೆ ಕಾನೂನು ಹೂಂ ಅನ್ನುತ್ತದೋ ಉಹುಂ ಅನ್ನುತ್ತದೋ ಕೇಳಲು ಹೋದರೆ, ಆರ್‌ಟಿಓ ಕಚೇರಿಯ ಒಂದು ಟೇಬಲ್ಲಿನಿಂದ ಇನ್ನೊಂದಕ್ಕೆ ಕಳಿಸುತ್ತಾರೆ. ಅಷ್ಟರಲ್ಲಿ ಬ್ಯಾಂಕಿನ ಕಂತು ಬಂದು ಕೂತಿರುತ್ತದೆ.

ನಾವು ಹೇಳಹೊರಟಿರುವುದು ಇಷ್ಟು. ಕಂಪನಿಯೇ ಅದೇ ಗಾಡಿಯನ್ನು ಮ್ಯಾನುಯಲ್ ಗೇರಿನಲ್ಲೂ ಮಾಡಿ ಮಾರುತ್ತಿರುವಾಗ, ಅದೇ ಮಾದರಿಯ ಮ್ಯಾನುಯಲ್ ಗೇರ್‌ಬಾಕ್ಸನ್ನು ತನ್ನ ಗಾಡಿಗೆ ಹಾಕಿಸಿಕೊಂಡ ಮಾಲೀಕ ಕದ್ದುಮುಚ್ಚಿ ಓಡಾಡುವ ಸ್ಥಿತಿ ಇರಬಾರದು. ಬೇಕಾದರೆ ಬ್ರೇಕ್ ಇನ್‌ಸ್ಪೆಕ್ಟರ್ ಬಂದು ನೋಡಲಿ, ಓಡಿಸಿ ಪರೀಕ್ಷಿಸಲಿ, ಶುಲ್ಕ ಕಟ್ಟಿಸಿಕೊಳ್ಳಲಿ, ಆರ್‌ಸಿಯಲ್ಲಿ ಬರೆಯಲಿ. ಆದರೆ ಹೋಗಿ ತಟ್ಟಲು ಒಂದು ಬಾಗಿಲಾದರೂ ಇರಲಿ. ಅದಕ್ಕೂ ಮೊದಲು, ಕೆಟ್ಟ ಆಟೋಮ್ಯಾಟಿಕ್ಕನ್ನು ತಾಲ್ಲೂಕು ಕೇಂದ್ರದಲ್ಲೇ ರಿಪೇರಿ ಮಾಡಲು ಬೇಕಾದ ಮಾಹಿತಿಯನ್ನು ಕಂಪನಿಗಳು ಬಚ್ಚಿಡುವುದು ನಿಲ್ಲಲಿ.

"ನಮ್ಮೂರಲ್ಲಿ ಇರೋದೆಲ್ಲ ಬೊಲೆರೊ, ಟಾಟಾ ಏಸ್, ದೋಸ್ತ್. ಎಲ್ಲದಕ್ಕೂ ಕ್ಲಚ್ ಇದೆ. ಆಟೋಮ್ಯಾಟಿಕ್ ಪಿಕಪ್ ಎಲ್ಲಿ ನೋಡಿದ್ರಿ?" ಎಂದು ಕೇಳುವವರಿದ್ದಾರೆ. ಮಾತು ಸುಳ್ಳಲ್ಲ. ಬಾಡಿಗೆ ಹೊಡೆಯುವ ಪಿಕಪ್‌ಗಳೆಲ್ಲ ಹೆಚ್ಚುಕಮ್ಮಿ ಮ್ಯಾನುಯಲ್ಲೇ. ಆದರೆ ಇಸುಜು ವಿ-ಕ್ರಾಸ್, ಟೊಯೊಟಾ ಹೈಲಕ್ಸ್‌ನಂಥ ದೊಡ್ಡ ಪಿಕಪ್‌ಗಳು ಎರಡೂ ಬಗೆಯಲ್ಲಿ ಮಾರಾಟವಾಗಿವೆ. ಹೊಸದಾಗಿ ಕೊಳ್ಳುವವರು ಎಸ್ಟೇಟ್ ಮಾಲೀಕರು, ಗುತ್ತಿಗೆದಾರರು, ರೆಸಾರ್ಟಿನವರು. ಕೆಲವು ವರ್ಷ ಓಡಿಸಿ ಮಾರುತ್ತಾರೆ. ಆಗ ಅದು ಎರಡನೇ ಕೈ, ಮೂರನೇ ಕೈ ದಾಟಿ ಸಕಲೇಶಪುರ, ಬೇಲೂರು, ಮೂಡಿಗೆರೆ ಕಡೆಯ ಶುಂಠಿ ಬೆಳೆಯುವವರ ಅಂಗಳಕ್ಕೆ ಬರುತ್ತದೆ. ಹೊಸದರಲ್ಲಿ ಮಾಲೀಕರ ಜೊತೆ ಅವರ ನಾಯಿಯನ್ನಷ್ಟೇ ಕೂರಿಸಿಕೊಂಡು ಓಡಾಡಿದ ಗಾಡಿ ಈಗ ಶುಂಠಿ ಚೀಲ, ಪಂಪ್‌ಸೆಟ್, ಗೊಬ್ಬರ ಹೊರುತ್ತದೆ. ಗೇರ್‌ಬಾಕ್ಸ್ ಕೈಕೊಡುವುದು ಸಾಮಾನ್ಯವಾಗಿ ಈ ಮೂರನೇ ಮಾಲೀಕನ ಕಾಲದಲ್ಲೇ. ವಾರಂಟಿ ಮುಗಿದು ಎಷ್ಟೋ ಕಾಲವಾಗಿರುತ್ತದೆ.

ನಮ್ಮ ಜಿಲ್ಲೆಯ ಒಬ್ಬ ಬೆಳೆಗಾರರಿಗೆ ಆದದ್ದು ಹೀಗೆ. ಏರಿನಲ್ಲಿ ಎಂಜಿನ್ ಗುಂಯ್ ಅಂತ ಕೂಗುತ್ತದೆ, ಗಾಡಿ ಮಾತ್ರ ಮುಂದೆ ಹೋಗುವುದಿಲ್ಲ. ಇನ್ನೊಂದು ಪಿಕಪ್‌ಗೆ ಹಗ್ಗ ಕಟ್ಟಿ, ನಾಲ್ಕೂ ಚಕ್ರ ರಸ್ತೆಯ ಮೇಲೆ ಉರುಳುವಂತೆ ಎಳೆಸಿಕೊಂಡು ನಗರದ ಶೋರೂಮಿಗೆ ಹೋದರು. (ಆಟೋಮ್ಯಾಟಿಕ್ಕನ್ನು ಹಾಗೆ ಎಳೆಯಬಾರದು ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಅದರ ವಿಷಯ ಮುಂದೆ ಬರುತ್ತದೆ.) ನಾಲ್ಕು ದಿನ ಬಿಟ್ಟು ಎಸ್ಟಿಮೇಟ್ ಬಂತು. ಅದರಲ್ಲಿದ್ದದ್ದು ಒಂದೇ ಸಾಲು: ಟ್ರಾನ್ಸ್‌ಮಿಷನ್ ಅಸೆಂಬ್ಲಿ ಬದಲಾವಣೆ. ಮೊತ್ತ, ಅವರು ಆ ಗಾಡಿ ಕೊಂಡ ಬೆಲೆಯ ಮೂರರಲ್ಲೊಂದು ಪಾಲು. ಒಳಗೆ ಏನು ಕೆಟ್ಟಿದೆ ಎಂದು ಕೇಳಿದರೆ "ನಾವು ಬಿಚ್ಚಲ್ಲ ಸರ್, ಬಿಚ್ಚೋ ಪದ್ಧತಿ ಇಲ್ಲ" ಎಂಬ ಉತ್ತರ. ಸ್ಕ್ಯಾನರ್ ಹಾಕಿದಾಗ ಬಂದ ಕೋಡ್ ಬರೆದು ಕೊಡಿ ಎಂದರೆ ಅದೂ ಇಲ್ಲ. ಪರೀಕ್ಷೆ ಮಾಡಿದ್ದಕ್ಕೆ ಮಾತ್ರ ದುಡ್ಡು ಕಟ್ಟಿಸಿಕೊಂಡರು. ಆಸ್ಪತ್ರೆಯಲ್ಲಾದರೂ ರಕ್ತಪರೀಕ್ಷೆಯ ಚೀಟಿಯನ್ನು ರೋಗಿಯ ಕೈಗೆ ಕೊಡುತ್ತಾರೆ.

ಬಿಚ್ಚದೇ ಬದಲಿಸುವ ಈ ಪದ್ಧತಿ ಎಷ್ಟು ಸರಿ ಎಂದು ತಿಳಿಯಲು ಒಳಗೆ ಏನಿದೆ ಎಂಬುದನ್ನು ಸ್ವಲ್ಪ ನೋಡಬೇಕು. ಮ್ಯಾನುಯಲ್ ಗಾಡಿಯಲ್ಲಿ ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವೆ ಕ್ಲಚ್ ಪ್ಲೇಟ್ ಇರುತ್ತದೆ. ಕಾಲಿಟ್ಟರೆ ಬಿಡುತ್ತದೆ, ತೆಗೆದರೆ ಹಿಡಿಯುತ್ತದೆ. ಆಟೋಮ್ಯಾಟಿಕ್‌ನಲ್ಲಿ ಆ ಜಾಗದಲ್ಲಿ ಟಾರ್ಕ್ ಕನ್ವರ್ಟರ್ ಎಂಬ ಗುಂಡನೆಯ ಡಬ್ಬಿ. ಎರಡು ಟೇಬಲ್ ಫ್ಯಾನ್ ಎದುರುಬದುರು ಇಟ್ಟು ಒಂದನ್ನು ಹಾಕಿದರೆ, ಅದರ ಗಾಳಿಗೆ ಇನ್ನೊಂದೂ ತಿರುಗುತ್ತದಲ್ಲ, ಅದೇ ಲೆಕ್ಕ. ಇಲ್ಲಿ ಗಾಳಿಯ ಬದಲು ಎಣ್ಣೆ. ಆ ಎಣ್ಣೆಯೇ ಗೇರ್ ಬದಲಿಸುವ ಒಳಗಿನ ಸಣ್ಣಸಣ್ಣ ಕ್ಲಚ್‌ಗಳನ್ನೂ ಒತ್ತಿ ಹಿಡಿಯುತ್ತದೆ. ಯಾವ ದಾರಿಯಲ್ಲಿ ಎಣ್ಣೆ ಹೋಗಬೇಕು ಎಂದು ತೀರ್ಮಾನಿಸುವುದು ವಾಲ್ವ್ ಬಾಡಿ ಮತ್ತು ಅದರ ಮೇಲಿನ ಸೊಲೆನಾಯ್ಡ್‌ಗಳು. ಅವಕ್ಕೆ ಅಪ್ಪಣೆ ಕೊಡುವುದು ಒಂದು ಕಂಪ್ಯೂಟರ್.

ಹಾಗಾಗಿ ಗಾಡಿ ಎಳೆಯುತ್ತಿಲ್ಲ ಎಂದಾಗ ಕಾರಣ ನೂರು ಇರಬಹುದು. ಒಳಗಿನ ಕ್ಲಚ್ ಸುಟ್ಟಿರಬಹುದು, ಇದು ದೊಡ್ಡ ಖರ್ಚು. ಒಂದು ಸೊಲೆನಾಯ್ಡ್ ಅಂಟಿಕೊಂಡಿರಬಹುದು, ಒಂದು ಸೆನ್ಸರ್ ಹೋಗಿರಬಹುದು, ವೈರ್ ಕಚ್ಚಿಕೊಂಡು ಇಲಿ ಓಡಿರಬಹುದು. ಎಣ್ಣೆಯೇ ಕಡಿಮೆಯಾಗಿರಬಹುದು. ಎಷ್ಟೋ ಗಾಡಿಗಳಲ್ಲಿ ಈ ಎಣ್ಣೆಯನ್ನು ತಂಪು ಮಾಡುವ ಕೊಳವೆ ರೇಡಿಯೇಟರ್ ಒಳಗೇ ಹಾದುಹೋಗುತ್ತದೆ. ಅದು ತೂತಾದರೆ ನೀರು ಮತ್ತು ಎಣ್ಣೆ ಬೆರೆತು ಗುಲಾಬಿ ಬಣ್ಣದ ಲಸ್ಸಿಯಂತಾಗಿ ಇಡೀ ಬಾಕ್ಸ್ ಹಾಳಾಗುತ್ತದೆ. ಇವುಗಳಲ್ಲಿ ಯಾವುದು ಎಂದು ನೋಡದೆ ಪೂರ್ತಿ ಬದಲಿಸಿ ಎನ್ನುವುದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ.

ಊರ ಮೇಸ್ತ್ರಿ ಇದನ್ನು ನೋಡಲಾರನೇ? ಎಂಜಿನ್ ಬೋರ್ ಮಾಡಿಸಿ ಕೂರಿಸುವವನಿಗೆ, ಟ್ರ್ಯಾಕ್ಟರಿನ ಹೈಡ್ರಾಲಿಕ್ ಬಿಚ್ಚಿ ಜೋಡಿಸುವವನಿಗೆ ಇದು ಕಲಿಯಲಾಗದ ವಿದ್ಯೆಯಲ್ಲ. ಅವನ ಬಳಿ ಇಲ್ಲದ್ದು ಆ ಮಾದರಿಯ ಸರ್ವಿಸ್ ಪುಸ್ತಕ, ಆ ಕಂಪನಿಯ ಕೋಡ್ ಓದುವ ಸ್ಕ್ಯಾನರ್, ಬಿಡಿಯಾಗಿ ಒಂದು ಸೊಲೆನಾಯ್ಡ್ ಕೊಡುವ ಅಂಗಡಿ. ಇವು ಮೂರೂ ಇಲ್ಲದವನು ತನಗೆ ಗೊತ್ತಿರುವ ದಾರಿ ಹಿಡಿಯುತ್ತಾನೆ. ಆ ದಾರಿಯೇ ಮ್ಯಾನುಯಲ್. ಆಟೋಮ್ಯಾಟಿಕ್ ಕಿತ್ತು ಮ್ಯಾನುಯಲ್ ಹಾಕುವ ಹುಚ್ಚು ಹುಟ್ಟಿದ್ದು ಮೇಸ್ತ್ರಿಯ ದಡ್ಡತನದಿಂದಲ್ಲ, ಕಂಪನಿಗಳ ಬಾಯ್ಮುಚ್ಚು ವ್ಯಾಪಾರದಿಂದ.

ಇದು ನಮ್ಮ ಆರೋಪ ಮಾತ್ರವಲ್ಲ. ಭಾರತದ ಸ್ಪರ್ಧಾ ಆಯೋಗ 2014ರ ಆಗಸ್ಟ್‌ನಲ್ಲಿ ಇದನ್ನೇ ಹೇಳಿತ್ತು. ಅಸಲಿ ಬಿಡಿಭಾಗಗಳನ್ನೂ ದೋಷ ಪತ್ತೆ ಮಾಡುವ ಉಪಕರಣಗಳನ್ನೂ ಹೊರಗಿನ ಗ್ಯಾರೇಜುಗಳಿಗೆ ಕೊಡದೆ ಮಾರುಕಟ್ಟೆಯನ್ನು ಹಿಡಿದಿಟ್ಟುಕೊಂಡಿದ್ದಾರೆ ಎಂದು 14 ಕಾರು ಕಂಪನಿಗಳಿಗೆ ಒಟ್ಟು 2,544 ಕೋಟಿ ರೂಪಾಯಿಗೂ ಹೆಚ್ಚು ದಂಡ ಹಾಕಿತು. ಬಿಡಿಭಾಗ ಮುಕ್ತವಾಗಿ ಮಾರಿ, ಮಾಹಿತಿ ಬಹಿರಂಗ ಮಾಡಿ ಎಂದು ಆದೇಶವನ್ನೂ ಕೊಟ್ಟಿತು. ಕಂಪನಿಗಳು ಮೇಲ್ಮನವಿಗೆ ಓಡಿದವು. 2022ರ ಜುಲೈನಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 'ರಿಪೇರಿ ಹಕ್ಕು' ಎಂದು ಒಂದು ಸಮಿತಿ ಮಾಡಿತು. ಕೃಷಿ ಯಂತ್ರ, ಮೊಬೈಲ್, ಮನೆಬಳಕೆ ವಸ್ತು, ವಾಹನ ಎಂದು ನಾಲ್ಕು ವಲಯ ಆರಿಸಿಕೊಂಡಿತು. ಆ ವರ್ಷದ ಡಿಸೆಂಬರ್‌ನಲ್ಲಿ ಒಂದು ಪೋರ್ಟಲ್ ಕೂಡ ತೆರೆಯಿತು. ಪೋರ್ಟಲ್ ತೆರೆದ ಮಾತ್ರಕ್ಕೆ ಬೇಲೂರಿನ ಮೇಸ್ತ್ರಿಗೆ ವಾಲ್ವ್ ಬಾಡಿಯ ನಕ್ಷೆ ಸಿಗುವುದಿಲ್ಲ. ಕೊಡಲೇಬೇಕು ಎಂದು ಕಟ್ಟಿಹಾಕುವ ಕಾಯ್ದೆ ಬೇಕು.

ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ 2012ರಲ್ಲಿ ಈ ಪ್ರಶ್ನೆಯನ್ನು ಜನರ ಮುಂದೆಯೇ ಮತಕ್ಕೆ ಇಟ್ಟರು. ಡೀಲರ್‌ಗೆ ಕೊಡುವ ರಿಪೇರಿ ಮಾಹಿತಿಯನ್ನು ಹೊರಗಿನ ಗ್ಯಾರೇಜಿಗೂ ಕೊಡಬೇಕೇ ಎಂದು ಕೇಳಿದ್ದಕ್ಕೆ ಭಾರಿ ಬಹುಮತದಿಂದ ಜನ ಹೌದು ಎಂದರು. ಎರಡು ವರ್ಷದೊಳಗೆ ಕಂಪನಿಗಳು ಇಡೀ ದೇಶಕ್ಕೆ ಅದೇ ವ್ಯವಸ್ಥೆ ಒಪ್ಪಿ ಸಹಿ ಹಾಕಬೇಕಾಯಿತು. ಪಿಕಪ್ ಎಂದರೆ ಅಲ್ಲಿ ನಮ್ಮ ಟ್ರ್ಯಾಕ್ಟರ್ ಇದ್ದಂತೆ, ರೈತನ ಮನೆಯ ಸದಸ್ಯ. ಆಟೋಮ್ಯಾಟಿಕ್ ಕಿತ್ತು ಮ್ಯಾನುಯಲ್ ಹಾಕುವ ಕೆಲಸ ಅಲ್ಲಿ ಹಳೆಯದು. 1989ರಿಂದ ಡಾಡ್ಜ್ ಕಂಪನಿಯ ಪಿಕಪ್‌ಗೆ ಕಮಿನ್ಸ್‌ನ 5.9 ಲೀಟರ್ ಡೀಸೆಲ್ ಎಂಜಿನ್ ಬರತೊಡಗಿತು. ಎಂಜಿನ್ ಆನೆ, ಅದರ ಹಿಂದಿನ ಆಟೋಮ್ಯಾಟಿಕ್ ಬಾಕ್ಸ್ ಆ ಆನೆಯ ಭಾರಕ್ಕೆ ಸೋಲುತ್ತಿತ್ತು. ಭಾರದ ಟ್ರೈಲರ್ ಎಳೆಯುವವರು ಬೇಸತ್ತು, ಅದೇ ಕಂಪನಿ ಮ್ಯಾನುಯಲ್ ಗಾಡಿಗಳಿಗೆ ಹಾಕುತ್ತಿದ್ದ ಎನ್‌ವಿ4500 ಎಂಬ ಐದು ಗೇರಿನ ಎರಕದ ಕಬ್ಬಿಣದ ಬಾಕ್ಸನ್ನು ಗುಜರಿಯಿಂದ ತಂದು ಕೂರಿಸಿಕೊಂಡರು.

ಅದು ಅಲ್ಲಿ ಸಲೀಸಾಗಿ ನಡೆದದ್ದಕ್ಕೆ ಕಾರಣವಿದೆ. 1998ರವರೆಗಿನ ಆ ಎಂಜಿನ್ನಿನ ಡೀಸೆಲ್ ಪಂಪ್‌ಗೆ ಕಂಪ್ಯೂಟರ್ ಇರಲಿಲ್ಲ. ಹಿಂದೆ ಯಾವ ಗೇರ್‌ಬಾಕ್ಸ್ ಇದೆ ಎಂದು ಎಂಜಿನ್ನಿಗೆ ಗೊತ್ತೇ ಆಗುತ್ತಿರಲಿಲ್ಲ. ಬೋಲ್ಟ್ ಹೊಂದಿದರೆ ಮುಗಿಯಿತು. ಈಗಿನ ಗಾಡಿ ಹಾಗಲ್ಲ. ಎಂಜಿನ್ ಕಂಪ್ಯೂಟರ್, ಗೇರ್ ಕಂಪ್ಯೂಟರ್, ಎಬಿಎಸ್ ಕಂಪ್ಯೂಟರ್ ಒಂದೇ ಜೋಡಿ ವೈರಿನ ಮೇಲೆ ದಿನವಿಡೀ ಮಾತಾಡಿಕೊಂಡಿರುತ್ತವೆ. ಒಂದು ದನಿ ನಿಂತರೆ ಉಳಿದವು ಗಾಬರಿಯಾಗುತ್ತವೆ. ಗಾಡಿ ಅರೆಜೀವದಲ್ಲಿ ಓಡುತ್ತದೆ, ಇಲ್ಲವೇ ಸ್ಟಾರ್ಟೇ ಆಗುವುದಿಲ್ಲ.

ಊರ ಕಡೆ "ಒಂದ್ ವಾರದ ಕೆಲಸ" ಎಂದು ಹೇಳಿಬಿಡುತ್ತಾರಲ್ಲ, ಆ ಕೆಲಸದಲ್ಲಿ ಏನೇನಿದೆ ನೋಡಿ. ಮೊದಲು ಅದೇ ಮಾದರಿಯ, ಅದೇ ಎಂಜಿನ್ನಿನ ಮ್ಯಾನುಯಲ್ ಗೇರ್‌ಬಾಕ್ಸ್ ಸಿಗಬೇಕು. ಬೆಂಗಳೂರಿನ ಶಿವಾಜಿನಗರದ ಗುಜರಿಯಲ್ಲೋ ಅಪಘಾತವಾದ ಗಾಡಿ ಒಡೆಯುವವರ ಹತ್ತಿರವೋ ಹುಡುಕಬೇಕು. ಬಾಕ್ಸ್ ಒಂದೇ ತಂದರೆ ಆಗದು. ಆಟೋಮ್ಯಾಟಿಕ್ ಎಂಜಿನ್ನಿನ ಹಿಂದೆ ಇರುವುದು ತೆಳ್ಳನೆಯ ತಗಡಿನಂಥ ಪ್ಲೇಟ್. ಅದನ್ನು ತೆಗೆದು ಭಾರದ ಫ್ಲೈವೀಲ್ ಹಾಕಬೇಕು. ಕ್ಲಚ್ ಪ್ಲೇಟ್, ಪ್ರೆಶರ್ ಪ್ಲೇಟ್, ರಿಲೀಸ್ ಬೇರಿಂಗ್ ಬೇಕು. ಕ್ರ್ಯಾಂಕ್ ಶಾಫ್ಟ್‌ನ ತುದಿಗೆ ಪೈಲಟ್ ಬೇರಿಂಗ್ ಬೇಕಾಗುತ್ತದೆ, ಇದನ್ನು ಮರೆತವರು ಎಲ್ಲ ಜೋಡಿಸಿದ ಮೇಲೆ ಮತ್ತೆ ಇಳಿಸುತ್ತಾರೆ. ಒಳಗೆ ಎರಡು ಪೆಡಲ್ ಇದ್ದಲ್ಲಿ ಮೂರು ಬರಬೇಕು. ಆಟೋಮ್ಯಾಟಿಕ್‌ನ ಬ್ರೇಕ್ ಪೆಡಲ್ ಅಗಲ, ಅದನ್ನು ಬಿಟ್ಟರೆ ಕ್ಲಚ್ ತುಳಿಯಲು ಹೋದ ಕಾಲು ಬ್ರೇಕ್ ಮೇಲೆ ಬೀಳುತ್ತದೆ. ಹಾಗಾಗಿ ಪೂರ್ತಿ ಪೆಡಲ್ ಸೆಟ್ಟನ್ನೇ ಬದಲಿಸಬೇಕು. ಕ್ಲಚ್‌ನ ಮಾಸ್ಟರ್ ಸಿಲಿಂಡರ್, ಸ್ಲೇವ್ ಸಿಲಿಂಡರ್, ನಡುವಿನ ಪೈಪು ಬೇಕು. ಬಾಕ್ಸಿನ ಉದ್ದ ಬೇರೆಯಾದರೆ ಪ್ರೊಪೆಲ್ಲರ್ ಶಾಫ್ಟ್ ಹೊಂದುವುದಿಲ್ಲ, ಕೆಳಗಿನ ಅಡ್ಡಪಟ್ಟಿಯ ಮೌಂಟ್ ಸರಿಯಬೇಕಾಗುತ್ತದೆ. ಫೋರ್ ವೀಲ್ ಆದರೆ ಟ್ರಾನ್ಸ್‌ಫರ್ ಕೇಸ್ ಕೂಡ ಹೊಂದಬೇಕು. ಹಿಂದಿನ ಆಕ್ಸಲ್‌ನ ಕ್ರೌನ್ ಪಿನಿಯನ್ ಲೆಕ್ಕ ಎರಡು ಮಾದರಿಯಲ್ಲಿ ಬೇರೆಬೇರೆ ಇದ್ದರೆ ಅದರ ಯೋಚನೆಯೂ ಬೇಕು.

ಕಬ್ಬಿಣದ ಕೆಲಸ ಇಷ್ಟು. ಇದನ್ನು ನಮ್ಮ ಮೇಸ್ತ್ರಿಗಳು ಕಣ್ಣುಮುಚ್ಚಿ ಮಾಡುತ್ತಾರೆ. ಎಡವುವುದು ವೈರಿಂಗ್‌ನಲ್ಲಿ. ಎಂಜಿನ್ ಕಂಪ್ಯೂಟರಿಗೆ "ನೀನೀಗ ಮ್ಯಾನುಯಲ್ ಗಾಡಿ" ಎಂದು ತಿಳಿಸಬೇಕು. ಅದಕ್ಕೆ ಮ್ಯಾನುಯಲ್ ಮಾದರಿಯ ಪ್ರೋಗ್ರಾಂ ಬೇಕು. ಅದು ಇರುವುದು ಕಂಪನಿಯ ಬಳಿ, ಕಂಪನಿ ಕೊಡುವುದಿಲ್ಲ. ಆಗ ಗ್ಯಾರೇಜಿನವರು ಮಾಡುವ ಕೆಲಸ ನಮಗೆ ಎಲ್ಲಕ್ಕಿಂತ ಹೆಚ್ಚು ಹೆದರಿಕೆ ಹುಟ್ಟಿಸುತ್ತದೆ. ಆಟೋಮ್ಯಾಟಿಕ್ ಗಾಡಿ ಪಾರ್ಕ್ ಅಥವಾ ನ್ಯೂಟ್ರಲ್‌ನಲ್ಲಿ ಇದ್ದರೆ ಮಾತ್ರ ಸ್ಟಾರ್ಟ್ ಆಗುತ್ತದೆ. ಅದಕ್ಕೊಂದು ಸ್ವಿಚ್ ಇದೆ. ಹಳೆ ಬಾಕ್ಸ್ ಜೊತೆ ಆ ಸ್ವಿಚ್ಚೂ ಹೋಗುತ್ತದೆ. ಅದರ ಬದಲು ಕ್ಲಚ್ ಪೆಡಲ್‌ಗೆ ಸ್ವಿಚ್ ಹಾಕಿ ಸರಿಯಾಗಿ ಜೋಡಿಸಬೇಕು. ಹಾಗೆ ಮಾಡದೆ ಎರಡು ವೈರ್ ಹೊಸೆದು 'ಡೈರೆಕ್ಟ್' ಮಾಡಿಬಿಡುತ್ತಾರೆ. ಗಾಡಿ ಯಾವಾಗಲೂ ನ್ಯೂಟ್ರಲ್‌ನಲ್ಲಿದೆ ಎಂದು ಕಂಪ್ಯೂಟರ್ ನಂಬಿಕೊಂಡಿರುತ್ತದೆ. ಅಂಗಳದಲ್ಲಿ ಮೊದಲ ಗೇರಿನಲ್ಲಿ ನಿಲ್ಲಿಸಿದ ಗಾಡಿಗೆ ಮನೆಯ ಹುಡುಗ ಹಾಡು ಕೇಳಲು ಹೋಗಿ ಕೀ ತಿರುಗಿಸಿದರೆ ಸಾಕು, ಗಾಡಿ ಮುಂದಕ್ಕೆ ನೆಗೆಯುತ್ತದೆ. ಎದುರಿಗೆ ಕಾಫಿ ಒಣಗಿಸುತ್ತಾ ಕೂತವರು ಯಾರಿರುತ್ತಾರೋ. ರಿವರ್ಸ್ ಲೈಟಿನದೂ ಇದೇ ಕತೆ, ಜೋಡಿಸಲು ಮರೆಯುತ್ತಾರೆ.

ಇದೆಲ್ಲ ಹೇಳಿದ ಮೇಲೆ ನಾವೇ ಪರಿವರ್ತನೆಯ ವಿರುದ್ಧ ಇದ್ದೇವೆ ಎಂದು ಕೆಲವರಿಗೆ ಅನ್ನಿಸಬಹುದು. ಇಲ್ಲ. ಇಷ್ಟು ಅಪಾಯದ ಕೆಲಸ ಕತ್ತಲಲ್ಲಿ ನಡೆಯುತ್ತಿದೆ, ಬೆಳಕಿಗೆ ತನ್ನಿ ಎನ್ನುತ್ತಿದ್ದೇವೆ. ಅದನ್ನು ಕತ್ತಲಲ್ಲಿ ಇಟ್ಟಿರುವುದು ಕಾನೂನು.

ಮೋಟಾರು ವಾಹನ ಕಾಯ್ದೆ 1988ರ 52ನೇ ಸೆಕ್ಷನ್ ಹೇಳುವುದು, ಆರ್‌ಸಿಯಲ್ಲಿರುವ ವಿವರಗಳು ತಯಾರಕರು ಮೂಲತಃ ಕೊಟ್ಟ ವಿವರಗಳಿಗಿಂತ ಬೇರೆಯಾಗುವಂತೆ ಗಾಡಿಯನ್ನು ಬದಲಿಸಬಾರದು ಎಂದು. ಗಾಡಿಯ ಮೂಲ ಲಕ್ಷಣವೇ ಬದಲಾಗುವಂಥ ರಚನೆಯ ವ್ಯತ್ಯಾಸವನ್ನು 'ಬದಲಾವಣೆ' ಎನ್ನಬೇಕೆಂಬ ವಿವರಣೆಯೂ ಅಲ್ಲೇ ಇದೆ. 2019ರ ಜನವರಿಯಲ್ಲಿ ಕೇರಳದ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಬಿಗಿಯಾಗಿ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ 182ಎ ಸೆಕ್ಷನ್ ಬಂತು. ಅನುಮತಿ ಇಲ್ಲದ ಬದಲಾವಣೆ ಮಾಡಿದ ಮಾಲೀಕನಿಗೆ ಆರು ತಿಂಗಳವರೆಗೆ ಜೈಲು, ಇಲ್ಲವೇ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ, ಇಲ್ಲವೇ ಎರಡೂ. ಗೇರ್‌ಬಾಕ್ಸ್ ಮೂಲ ಲಕ್ಷಣವೋ ಅಲ್ಲವೋ? ಹೌದು ಎಂದೂ ವಾದಿಸಬಹುದು, ಅಲ್ಲ ಎಂದೂ ವಾದಿಸಬಹುದು. ಗಾಡಿ ತಡೆದ ಅಧಿಕಾರಿಗೆ ಅವತ್ತು ಹೇಗನ್ನಿಸಿತೋ ಹಾಗೆ. ಇಂಥ ಅಸ್ಪಷ್ಟತೆ ಯಾರ ಜೇಬು ತುಂಬಿಸುತ್ತದೆ ಎಂದು ರಸ್ತೆಯಲ್ಲಿ ಗಾಡಿ ಓಡಿಸುವವರಿಗೆ ನಾವು ಹೇಳಿಕೊಡಬೇಕಿಲ್ಲ.

ಕಾನೂನಿಗೆ ಬಾಗಿಲು ತೆರೆಯಲು ಬರುವುದಿಲ್ಲ ಎಂದಲ್ಲ, ಬೇಕಾದವರಿಗೆ ತೆರೆದಿದೆ. ಪೆಟ್ರೋಲ್ ಗಾಡಿಗೆ ಅನುಮೋದಿತ ಸಿಎನ್‌ಜಿ ಕಿಟ್ ಹಾಕಿಸಿ ಆರ್‌ಸಿಯಲ್ಲಿ ಬರೆಸಬಹುದು. ಅಂಗವಿಕಲರಿಗೆ ಹೊಂದುವಂತೆ ಗಾಡಿ ಮಾರ್ಪಡಿಸಲು ಅವಕಾಶವಿದೆ, ಅದು ಇರಲೇಬೇಕು. ಇನ್ನೊಂದು ಇದೆ, ಓದಿ ನಗು ಬರುತ್ತದೆ. ಹತ್ತಕ್ಕೆ ಕಡಿಮೆಯಿಲ್ಲದಷ್ಟು ಸಾರಿಗೆ ವಾಹನ ಇಟ್ಟುಕೊಂಡವರು ಅದೇ ಕಂಪನಿಯ, ಅದೇ ಬಗೆಯ ಎಂಜಿನ್ನನ್ನು ಮೊದಲೇ ಅನುಮತಿ ಪಡೆಯದೆ ಬದಲಿಸಿಕೊಳ್ಳಲು ರಾಜ್ಯ ಸರ್ಕಾರ ಅಧಿಸೂಚನೆ ಮೂಲಕ ಅವಕಾಶ ಕೊಡಬಹುದು ಎಂದು ಇದೇ 52ನೇ ಸೆಕ್ಷನ್ ಹೇಳುತ್ತದೆ. ಬದಲಿಸಿ 14 ದಿನದೊಳಗೆ ವರದಿ ಮಾಡಿದರಾಯಿತು. ಹತ್ತು ಲಾರಿಯ ಸಾಹುಕಾರರ ಮೇಲೆ ಇಷ್ಟು ನಂಬಿಕೆ ಇಡಬಲ್ಲ ಕಾನೂನು, ಒಂದು ಪಿಕಪ್ ಇಟ್ಟುಕೊಂಡವನು ಗಾಡಿ ತಂದು ನಿಲ್ಲಿಸಿ "ಪರೀಕ್ಷೆ ಮಾಡಿ ಸ್ವಾಮಿ" ಎಂದು ಕೇಳಿದರೆ ಯಾವ ಅರ್ಜಿ ತುಂಬಬೇಕು ಎಂದೂ ಹೇಳುವುದಿಲ್ಲ.

ಇದರ ಬಿಸಿ ತಟ್ಟುವುದು ಅಪಘಾತವಾದ ದಿನ. ವಿಮೆ ಕಂಪನಿಯ ಸರ್ವೇಯರ್ ಬಂದು ಬಾನೆಟ್ ಎತ್ತಿ ನೋಡುತ್ತಾನೆ, ಕೆಳಗೆ ಬಗ್ಗಿ ನೋಡುತ್ತಾನೆ. ಪಾಲಿಸಿಯಲ್ಲಿ ಆಟೋಮ್ಯಾಟಿಕ್ ಮಾದರಿಯ ಹೆಸರು, ಗಾಡಿಯಲ್ಲಿ ಮೂರು ಪೆಡಲ್. ಬದಲಾವಣೆ ತಿಳಿಸಿರಲಿಲ್ಲ ಎಂಬ ಒಂದು ಮಾತು ಸಾಕು, ಸ್ವಂತ ಗಾಡಿಯ ನಷ್ಟದ ಕ್ಲೇಮ್ ತಳ್ಳಿಹಾಕಲು. ಐದಾರು ವರ್ಷ ಪ್ರೀಮಿಯಂ ಕಟ್ಟಿದ್ದು ಆಗ ನೆನಪಿಗೆ ಬಂದು ಪ್ರಯೋಜನವಿಲ್ಲ.

ಕಂಪನಿಗಳ ಕಡೆಯವರಿಗೂ ಒಂದು ವಾದವಿದೆ. ಸುರಕ್ಷತೆ ಎನ್ನುತ್ತಾರೆ. ಪರೀಕ್ಷೆ ಮಾಡಿಸದ ಗಾಡಿ ರಸ್ತೆಗೆ ಬಂದರೆ ಯಾರು ಹೊಣೆ ಎನ್ನುತ್ತಾರೆ. ಸರಿಯಾದ ಪ್ರಶ್ನೆಯೇ. ಆದರೆ ಮ್ಯಾನುಯಲ್ ಮಾದರಿಯನ್ನು ಪರೀಕ್ಷೆ ಮಾಡಿಸಿ ಪ್ರಮಾಣಪತ್ರ ಪಡೆದವರು ಅವರೇ. ಅದರ ಪೆಡಲ್ ಸೆಟ್, ವೈರಿಂಗ್, ಪ್ರೋಗ್ರಾಂ ಎಲ್ಲ ಅವರ ಬಳಿಯೇ ಇದೆ. ಅಸಲಿ ಭಾಗಗಳ ಒಂದು ಕಿಟ್, ಜೋಡಿಸುವ ಪುಸ್ತಕ, ಪ್ರೋಗ್ರಾಂ ಹಾಕಿಕೊಡಲು ಒಂದು ದರ ನಿಗದಿ ಮಾಡಿದರೆ ಸುರಕ್ಷತೆಯೂ ಉಳಿಯುತ್ತದೆ, ಅವರಿಗೂ ದುಡ್ಡು ಬರುತ್ತದೆ. ಎರಡು ವೈರ್ ಹೊಸೆಯುವ ಕೆಲಸಕ್ಕಿಂತ ಅದು ಸಾವಿರ ಪಾಲು ಮೇಲು. ಹೈಲಕ್ಸ್ ಅಂತೂ ನಮ್ಮ ಬಿಡದಿಯಲ್ಲೇ ಜೋಡಣೆಯಾಗುವ ಗಾಡಿ. ಜೋಡಿಸುವ ವಿದ್ಯೆ ಬಿಡದಿಯ ಗೇಟಿನ ಒಳಗಿದ್ದರೆ ಸಾಕೇ, ಹಾಸನದವರೆಗೆ ಬರಬಾರದೇ?

ಇನ್ನೊಂದು ಕಡೆಯವರಿಗೂ ಹೇಳುವುದಿದೆ. "ಆಟೋಮ್ಯಾಟಿಕ್ ಹೆಂಗಸರ ಗಾಡಿ, ಗಂಡಸಾದವನು ಗೇರ್ ಹಾಕ್ಬೇಕು" ಎಂದು ಟೀ ಅಂಗಡಿಯಲ್ಲಿ ಮೀಸೆ ತಿರುವುವವರ ಮಾತು ಕೇಳಿ ಚೆನ್ನಾಗಿ ಓಡುತ್ತಿರುವ ಆಟೋಮ್ಯಾಟಿಕ್ಕನ್ನು ಕಿತ್ತುಹಾಕಿಸಲು ಹೊರಟವರೂ ಇದ್ದಾರೆ. ಮೂಗಿಗಿಂತ ಮೂಗುತಿ ಭಾರ. ಘಾಟಿ ಇಳಿಯುವಾಗ ಆಟೋಮ್ಯಾಟಿಕ್ ಎಂಜಿನ್ ತಡೆ ಕೊಡುವುದಿಲ್ಲ, ಬ್ರೇಕ್ ಮೇಲೇ ಇಳಿಯಬೇಕು ಎಂಬ ದೂರನ್ನು ನಾವು ತುಂಬಾ ಕೇಳಿದ್ದೇವೆ. ಗೇರ್ ಲಿವರನ್ನು ಡಿ ಯಿಂದ ಪಕ್ಕಕ್ಕೆ ಸರಿಸಿ ಎರಡನೇ ಗೇರಿಗೆ ಇಳಿಸಿಕೊಳ್ಳುವ ವ್ಯವಸ್ಥೆ ಈ ಪಿಕಪ್‌ಗಳಲ್ಲಿ ಇದೆ. ಚಾರ್ಮಾಡಿಯ ತಿರುವುಗಳಲ್ಲಿ ಹಾಗೆ ಇಳಿಸಿ ನೋಡಿ. ಮಾರುವವರು ಕೀ ಕೊಡುವಾಗ ಹಾರ ಹಾಕಿ ಫೋಟೋ ತೆಗೆಸಿಕೊಳ್ಳುವ ಹೊತ್ತಿನಲ್ಲಿ ಇದನ್ನೊಂದು ಹೇಳಿದ್ದರೆ ಎಷ್ಟೋ ಬ್ರೇಕ್ ಉಳಿಯುತ್ತಿದ್ದವು. ಮಂಡಿನೋವಿನವರಿಗೆ, ಎಡಗಾಲಿಗೆ ಪೆಟ್ಟಾದವರಿಗೆ ಆಟೋಮ್ಯಾಟಿಕ್ ವರವೇ.

ಕಾನೂನು ಬದಲಾಗುವ ತನಕ ಗಾಡಿ ಕಾಯುವುದಿಲ್ಲವಾದ್ದರಿಂದ ಕೆಲವು ಮಾತು. ಆಟೋಮ್ಯಾಟಿಕ್ ಕೆಟ್ಟು ನಿಂತರೆ ಹಗ್ಗ ಕಟ್ಟಿ ಎಳೆಸಬೇಡಿ. ಒಳಗೆ ಎಣ್ಣೆ ಹರಿಸುವ ಪಂಪು ತಿರುಗುವುದು ಎಂಜಿನ್ನಿನಿಂದ. ಎಂಜಿನ್ ಆರಿಸಿ ಚಕ್ರ ಉರುಳಿಸಿದರೆ ಒಳಗಿನ ಭಾಗಗಳು ಎಣ್ಣೆಯಿಲ್ಲದೆ ತಿರುಗಿ ಸುಡುತ್ತವೆ. ಗಾಡಿಯನ್ನು ಪೂರ್ತಿ ಎತ್ತಿ ಇಟ್ಟುಕೊಂಡು ಹೋಗುವ ಲಾರಿಯೇ ಬೇಕು. ಬ್ಯಾಟರಿ ಇಳಿದಾಗ ತಳ್ಳಿ ಸ್ಟಾರ್ಟ್ ಮಾಡಲು ಆಗದಿರುವುದೂ ಇದೇ ಕಾರಣಕ್ಕೆ. ಗೇರ್ ಎಣ್ಣೆ ಜೀವಮಾನಕ್ಕೆ ಸಾಕು ಎಂದು ಯಾರಾದರೂ ಹೇಳಿದರೆ ಯಾರ ಜೀವಮಾನಕ್ಕೆ ಎಂದು ಕೇಳಿ. ಭಾರ ಹೊತ್ತು ಘಾಟಿ ಹತ್ತುವ ಗಾಡಿಗೆ ಎಣ್ಣೆ ಬದಲಿಸುತ್ತಿರಬೇಕು, ಅದೂ ಪುಸ್ತಕದಲ್ಲಿ ಬರೆದ ನಂಬರಿನದೇ. ಕೆಂಪಗಿದೆ ಎಂದು ಕಂಡದ್ದನ್ನೆಲ್ಲ ಸುರಿಯಬಾರದು. ಸುಟ್ಟ ವಾಸನೆ, ಕಪ್ಪು ಬಣ್ಣ ಬಂದಿದ್ದರೆ ಅಲ್ಲಿಗೇ ನಿಲ್ಲಿಸಿ.

ಶೋರೂಮಿನಲ್ಲಿ ಒಂದು ಸಾಲಿನ ಎಸ್ಟಿಮೇಟ್ ಒಪ್ಪಬೇಡಿ. ಯಾವ ಕೋಡ್ ಬಂತು, ಯಾವ ಭಾಗ ಕೆಟ್ಟಿದೆ, ಬಿಡಿಯಾಗಿ ಅದರ ಬೆಲೆಯೆಷ್ಟು ಎಂದು ಬರೆದು ಕೇಳಿ, ಕೊಟ್ಟ ಪತ್ರದ ನಕಲಿಗೆ ಸೀಲ್ ಹಾಕಿಸಿಕೊಳ್ಳಿ. ಕೊಡದಿದ್ದರೆ 1915ಕ್ಕೆ ಫೋನ್ ಮಾಡಿ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಜಿಲ್ಲಾ ಗ್ರಾಹಕ ಆಯೋಗದಲ್ಲಿ 5 ಲಕ್ಷದವರೆಗಿನ ಪ್ರಕರಣಕ್ಕೆ ಶುಲ್ಕವಿಲ್ಲ. "ಬಾಡಿಗೆ ಹೊಡೆಯೋ ಗಾಡಿ, ನೀವು ಗ್ರಾಹಕರಲ್ಲ" ಎಂದು ಹೆದರಿಸುತ್ತಾರೆ. ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯಲು ಇಟ್ಟುಕೊಂಡ ಗಾಡಿಯ ಮಾಲೀಕ ಗ್ರಾಹಕನೇ ಎಂದು ಕಾಯ್ದೆಯಲ್ಲೇ ಇದೆ. ಎಲ್ಲ ನೋಡಿಯೂ ಮ್ಯಾನುಯಲ್ಲೇ ಗತಿ ಎಂದಾದರೆ, ಸ್ಪ್ಯಾನರ್ ಹಿಡಿಯುವ ಮುಂಚೆ ಆರ್‌ಟಿಓಗೂ ವಿಮೆ ಕಂಪನಿಗೂ ಲಿಖಿತವಾಗಿ ಅನುಮತಿ ಕೇಳಿ. ಕ್ಲಚ್ ತುಳಿಯದೆ ಸ್ಟಾರ್ಟ್ ಆಗುವ ಗಾಡಿಯನ್ನು ಗ್ಯಾರೇಜಿನಿಂದ ಹೊರಗೆ ತರಲೇಬೇಡಿ.

ಬಾಗಿಲು ತೆರೆಸಲು ನಾವು ಯೋಚಿಸಿರುವ ಒಂದು ಉಪಾಯ ಇದೆ. ಆಟೋಮ್ಯಾಟಿಕ್ ಗೇರ್‌ಬಾಕ್ಸನ್ನು ಅದೇ ಮಾದರಿಯ ಮ್ಯಾನುಯಲ್‌ಗೆ ಬದಲಿಸುವ ಬಗ್ಗೆ ಸಾರಿಗೆ ಇಲಾಖೆ ಹೊರಡಿಸಿರುವ ಸುತ್ತೋಲೆ, ಆದೇಶಗಳ ನಕಲು ಕೊಡಿ ಎಂದು ನಿಮ್ಮ ಆರ್‌ಟಿಓ ಕಚೇರಿಗೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ. ನಮ್ಮ ರಾಜ್ಯದ ನಿಯಮದಂತೆ ಅರ್ಜಿ 150 ಪದ ಮೀರಬಾರದು, ಒಂದೇ ವಿಷಯ ಇರಬೇಕು. "ಬದಲಿಸಬಹುದೇ?" ಎಂದು ಕೇಳಬೇಡಿ, ಅಭಿಪ್ರಾಯ ಕೊಡಲು ಬರುವುದಿಲ್ಲ ಎಂದು ವಾಪಸ್ ಕಳಿಸುತ್ತಾರೆ. ದಾಖಲೆಯ ನಕಲನ್ನೇ ಕೇಳಿ. 30 ದಿನದೊಳಗೆ ಉತ್ತರ ಬರಬೇಕು. ಸುತ್ತೋಲೆ ಇಲ್ಲ ಎಂದು ಬಂದರೂ ಅದೂ ಒಂದು ಉತ್ತರವೇ, ಶಾಸಕರ ಮುಂದೆ ಇಡಲು ಆಗುತ್ತದೆ. ಬಂದ ಕಾಗದದ ಫೋಟೋ ತೆಗೆದು ನಮಗೆ ಕಳಿಸಿ. ಹೆಸರು, ವಿಳಾಸ ಮುಚ್ಚಿ, ತಾಲ್ಲೂಕಿನ ಹೆಸರಷ್ಟೇ ಇಟ್ಟು ಇಲ್ಲೇ ಹಾಕುತ್ತೇವೆ.